ಕೆಳಗೆ ನಿಂತವರ ಮೊಣಕಾಲು

ಕೆರೂರಿನ ಮಹಾದೇವಿಯ ಬಲ ಮೊಣಕಾಲು ಇದ್ದಕ್ಕಿದ್ದಂತೆ ಕೈಕೊಟ್ಟಿತು ಅಂತ ಊರವರು ಹೇಳುತ್ತಾರೆ. ಸುಳ್ಳು. ಇದ್ದಕ್ಕಿದ್ದಂತೆ ಏನೂ ಅಲ್ಲ. ಅದು ತಿಂಗಳುಗಟ್ಟಲೆ ಹೇಳುತ್ತಲೇ ಬಂದಿತ್ತು, ಇವಳು ಕಿವಿಗೆ ಹಾಕಿಕೊಂಡಿರಲಿಲ್ಲ ಅಷ್ಟೆ. ಮುಂಜಾನೆ ಕುರಿಹಟ್ಟಿ ಬಳಿದು ಮೇಲೇಳುವಾಗ ಒಳಗೆಲ್ಲೋ ಸಣ್ಣಗೆ ಟಕ್ಕೆನ್ನುತ್ತಿತ್ತು. ಬಸ್ಸಿನ ಮೆಟ್ಟಿಲು ಹತ್ತುವಾಗ ಸೂಜಿ ಚುಚ್ಚಿದಂತಾಗುತ್ತಿತ್ತು. ಆಕೆ ಸೆರಗು ಸರಿಪಡಿಸಿಕೊಂಡು ಮುಂದೆ ನಡೆಯುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ಗಂಡ ಮುತ್ತುರಾಜನಿಗೂ.

ಹೇಳದೆ ಇರುವುದಕ್ಕೆ ಕಾರಣವಿತ್ತು. ಆ ಮನೆಯ, ಓಣಿಯ ಹೆಂಗಸರದೊಂದು ಡೊಳ್ಳಿನ ಮೇಳವಿದೆ. ಕಟ್ಟಿದವಳು ಮಹಾದೇವಿಯ ಅತ್ತೆ ಹನಮವ್ವ. ಗಂಡಸರ ಮೇಳಕ್ಕೆ ಮೀಸೆಯೂ ಇದೆ, ಗತ್ತೂ ಇದೆ. ಹನಮವ್ವನ ಮೇಳಕ್ಕೆ ಗತ್ತು ಮಾತ್ರ, ಆದರೆ ಅದು ಒಂದು ಹಿಡಿ ಜಾಸ್ತಿಯೇ. ಆಕೆ ಹಾಕಿದ ಕಟ್ಟಳೆಯೊಂದಿತ್ತು. ಬೀರಪ್ಪ ದೇವರ ಅರಿಸಿನದ ಭಂಡಾರ ಹಣೆಗೆ ಬಿದ್ದು, ಡೊಳ್ಳು ನಡುವಿಗೆ ಕಟ್ಟಿತೆಂದರೆ, ಅದನ್ನು ಬಿಚ್ಚುವವರೆಗೆ ನೋವು ಅನ್ನುವ ಮಾತು ಯಾರ ಬಾಯಿಂದಲೂ ಬರಕೂಡದು.

"ಹೊರಾಂವ ಬೀರಪ್ಪ," ಅನ್ನುತ್ತಿದ್ದಳು ಹನಮವ್ವ. "ನೀ ಯಾರವಾ ನೋಯ್ತೈತಿ ಅನ್ನಾಕಿ?"

ಅದಕ್ಕೆ ಎದುರು ಮಾತುಂಟೇ? ಹೆಂಗಸರು ಬಾಯಿಗೆ ಬೀಗ ಹಾಕಿಕೊಂಡು ಬಾರಿಸುತ್ತಿದ್ದರು. ಡೊಳ್ಳು ಹಗುರ ಸಾಮಾನಲ್ಲ. ಎಳೆಯ ಕರುವನ್ನು ನಡುವಿಗೆ ಕಟ್ಟಿಕೊಂಡು ಕುಣಿದ ಹಾಗೆ. ಇವರೋ, ಪಾತ್ರೆ ತಿಕ್ಕಿದ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದವರು, ಒಂದು ಸಲ ಕೈಕಾಲು ಝಾಡಿಸಿಕೊಳ್ಳದೆ ನೇರ ಕುಣಿತಕ್ಕೇ ಇಳಿಯುತ್ತಿದ್ದರು. ಕುಣಿತದ ಕೊನೆಗೆ ಗೋಪುರ. ನಾಲ್ಕು ಜನ ಕೆಳಗೆ ಕುಕ್ಕರಗಾಲಲ್ಲಿ ಕೂತು, ಹೆಗಲ ಮೇಲೆ ಇಬ್ಬರನ್ನು ಹತ್ತಿಸಿಕೊಂಡು, ಡೊಳ್ಳು ಬಾರಿಸುತ್ತಲೇ ಮೆಲ್ಲಗೆ ಮೇಲೇಳಬೇಕು. ಆಮೇಲೆ ಎಲ್ಲರಿಗಿಂತ ಹಗುರಾದ ವಿದ್ಯಾ, ಹನಮವ್ವನ ಕಿರಿಯ ಮಗಳು, ಮೊಣಕಾಲು, ತೊಡೆ, ಹೆಗಲು ಅಂತ ಒಂದೊಂದನ್ನೇ ಮೆಟ್ಟಿ ತುದಿಗೆ ಹೋಗಿ ನಿಂತು ಸಣ್ಣ ಡೊಳ್ಳು ಬಾರಿಸುತ್ತಾಳೆ. ಆಕೆ ಮೊದಲು ಮೆಟ್ಟುವುದು ಮಹಾದೇವಿಯ ಬಲ ಮೊಣಕಾಲನ್ನು.

ಮಹಾದೇವಿ ಸೊಸೆಯಾಗಿ ಬಂದಾಗ ವಿದ್ಯಾ ತಲೆ ಬಾಚಿಸಿಕೊಳ್ಳಲು ಅಳುತ್ತಿದ್ದ ಹುಡುಗಿ. ಅದರ ಹೇನು ತೆಗೆದು, ಜಡೆ ಹಾಕಿ, ಸಾಲೆಗೆ ಕಳಿಸಿದ್ದು ಇವಳೇ. ನಾದಿನಿ ಅನ್ನುವುದು ಬಾಯಿಮಾತಿಗೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮೇಲೂ ಅಷ್ಟು ಜೀವ ಇರುತ್ತದೋ ಇಲ್ಲವೋ.

ಗುಡಿಯ ಹಿಂದಿನ ಬಯಲಲ್ಲಿ ತಾಲೀಮು ನಡೆದ ಒಂದು ಸಂಜೆ, ವಿದ್ಯಾಳ ಕಾಲು ಹೆಗಲಿಗೆ ಬಂದ ಹೊತ್ತಿಗೆ, ಮಹಾದೇವಿಯ ಮೊಣಕಾಲು ಒಳಗಿಂದ ಕಳಚಿಕೊಂಡಂತಾಗಿ ಮಡಚಿ ಬಿತ್ತು. ಗೋಪುರ ಕುಸಿಯಿತು. ವಿದ್ಯಾ ಬೆಕ್ಕಿನ ಹಾಗೆ ಪಕ್ಕದಲ್ಲಿ ನಿಂತಿದ್ದ ಮೇಳದ ರಂಗವ್ವನ ಬೆನ್ನ ಮೇಲೆ ಹಾರಿ, ಅಲ್ಲಿಂದ ಮಣ್ಣಿಗೆ ಜಾರಿ, ತರಚಿದ ಮೊಣಕೈ ನೋಡಿಕೊಂಡು ಕಿಸಕ್ಕನೆ ನಕ್ಕಳು. ಎಲ್ಲರೂ ನಕ್ಕರು. ಮಹಾದೇವಿ ಮಾತ್ರ ಬಿದ್ದಲ್ಲೇ ಬಿದ್ದು ಆಕಾಶ ನೋಡುತ್ತಿದ್ದಳು. ಹಲ್ಲು ಕಚ್ಚಿದ್ದಳು. ಯಾರೋ ಬಂದು ನಡುವಿನ ಡೊಳ್ಳು ಬಿಚ್ಚಿದರು. ಬಿಚ್ಚಿದ ಮೇಲೇ ಅವಳು ಚೀರಿದ್ದು.

ಆ ಚೀರಾಟಕ್ಕೆ ಓಣಿಯ ಜನವೆಲ್ಲ ವೈದ್ಯರಾದರು. ಒಬ್ಬರು ಬಿಸಿ ಉಸುಕಿನ ಕಾವು ಅಂದರು, ಇನ್ನೊಬ್ಬರು ಎಣ್ಣೆ ಹಚ್ಚಿ ಗಸಗಸ ತಿಕ್ಕು ಅಂದರು. ಎರಡೂ ಆಯಿತು. ಬೆಳಗಾಗುವುದರಲ್ಲಿ ಮೊಣಕಾಲು ಕುಂಬಳಕಾಯಿಯಾಗಿತ್ತು. ವಿದ್ಯಾ ಆಕೆಯನ್ನು ಬಸ್ಸಿಗೆ ಹತ್ತಿಸಿಕೊಂಡು ಬಾಗಲಕೋಟೆಗೆ ಹೊರಟಳು. ದವಾಖಾನೆಯ ಡಾಕ್ಟರು ಫೋಟೋ ತೆಗೆಸಿ, ಮೂಳೆ ಮುರಿದಿಲ್ಲ, ಕೀಲು ಹಿಡಿದಿಡುವ ನಾರು ಜಗ್ಗಿದೆ ಅಂತ ಹೇಳಿ, ಕಸರತ್ತು ಕಲಿಸುವ ಫಿಜಿಯೋಥೆರಪಿಯ ಖೋಲಿಗೆ ಕಳಿಸಿದರು. ಅಲ್ಲಿದ್ದವಳು ನರ್ಗೀಸ. ಇಳಕಲ್ಲಿನವಳು, ಮಾತಿನಲ್ಲಿ ಚುರುಕು, ಕೈ ಮಾತ್ರ ಬಲು ಮೆತ್ತಗೆ.

"ಏನ್ ಮಾಡಿದ್ರಿ ಇದಕ್ಕ?" ಅಂದಳು ನರ್ಗೀಸ, ಮೊಣಕಾಲು ಮುಟ್ಟಿ.

"ಬಿಸಿ ಉಸುಕಿಲೆ ಕಾವು ಕೊಟ್ವಿರಿ."

"ಬಾತಿದ್ದಕ್ಕ ಬಿಸಿ! ಒಲಿ ಮ್ಯಾಲ ಇಟ್ಟುಬಿಟ್ಟಿದ್ರೂ ಆಗ್ತಿತ್ತಲ್ರಿ. ಪೆಟ್ಟಾದ ಕೂಡ್ಲೆ ತಣ್ಣೀರ ಅರಿವಿ ಸುತ್ತಬೇಕು, ಕಾಲ ದಿಂಬಿನ ಮ್ಯಾಲ ಎತ್ತರಕ್ಕ ಇಟ್ಟು ಸುಮ್ನ ಮಲಗಬೇಕು. ತಿಕ್ಕೂದೂ ಬ್ಯಾಡ, ಕಾಯಿಸೂದೂ ಬ್ಯಾಡ. ಯಾವಾಗಿಂದ ನೋಯ್ತಿತ್ತು?"

ಮಹಾದೇವಿ ನೆಲ ನೋಡಿದಳು. "ಉಗಾದಿಯಿಂದ್ರಿ."

"ವೈನೀ!" ವಿದ್ಯಾ ಕುರ್ಚಿಯಿಂದ ಎದ್ದೇಬಿಟ್ಟಳು. "ಉಗಾದಿಯಿಂದ? ನಾ ದಿನಾ ನಿನ್ನ ಹೆಗಲ ಮ್ಯಾಲ ನಿಂದಿರ್ತೇನಿ!"

ಆ ಮಾತು ಮಹಾದೇವಿಯ ಎದೆಗೆ ನಾಟಿತು. ಇಷ್ಟು ದಿನ ಅದು ತನ್ನ ನೋವು, ತಾನು ನುಂಗಿದರೆ ಮುಗಿಯಿತು ಅಂದುಕೊಂಡಿದ್ದಳು. ಅದರ ಮೇಲೆ ಒಂದು ಹುಡುಗಿ ನಿಂತಿತ್ತು ಅನ್ನುವುದು ತಲೆಗೇ ಹೊಳೆದಿರಲಿಲ್ಲ.

"ಕೇಳ್ರಿಲ್ಲಿ," ಅಂದಳು ನರ್ಗೀಸ. "ತೊಡಿ ಉರಿದ್ರ ಉರೀಲಿ, ಅದು ದುಡದ ನೋವು. ಕೀಲಿನೊಳಗ ಚುಚ್ಚಿತಂದ್ರ ಅಲ್ಲೇ ನಿಂದರಬೇಕು. ಬಾಯಿ ಬಿಟ್ಟು ಹೇಳಬೇಕು."

"ನಮ್ಮ ಮ್ಯಾಳದಾಗ ಹಂಗ ಹೇಳೂದಿಲ್ರಿ."

"ಯಾಕ, ನಿಮ್ಮ ಮ್ಯಾಳಕ್ಕ ಬಾಯಿ ಇಲ್ಲೇನು?"

"ಡೊಳ್ಳಿಗಷ್ಟ ಐತ್ರಿ."

ನರ್ಗೀಸ ಜೋರಾಗಿ ನಕ್ಕಳು. ನಗುತ್ತಲೇ ಅರಿವೆಯ ಸುರುಳಿಯೊಂದನ್ನು ಮೊಣಕಾಲ ಕೆಳಗಿಟ್ಟು ಅದನ್ನು ಒತ್ತುವುದು ಹೇಗೆ, ಕಾಲನ್ನು ನೆಟ್ಟಗೆ ಎತ್ತಿ ಇಳಿಸುವುದು ಹೇಗೆ ಅಂತ ತೋರಿಸಿದಳು. ಅವಳ ಅಪ್ಪ ಇಳಕಲ್ಲಿನಲ್ಲಿ ಮಗ್ಗದ ಕುಣಿಯೊಳಗೆ ಕಾಲಿಳಿಸಿ ಕೂತು ಸೀರೆ ನೇಯುತ್ತಿದ್ದವನಂತೆ. ನಡು ಹಿಡಿಯಿತೆಂದರೆ, ಎದುರಿಗೆ ಯಾವ ಸಾವುಕಾರ ಕೂತಿರಲಿ, ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದನಂತೆ. "ಬೈತಿದ್ರು ಎಲ್ಲಾರೂ," ಅಂದಳು. "ಬೈಸಿಕೊಂಡು ಅಡ್ಡಾಡ್ತಿದ್ದ. ಈಗೂ ನೇಯ್ತಾನ."

ಬಾದಾಮಿಯ ಕೆರೆಯ ದಂಡೆಯಲ್ಲಿ ಮೇಳದ ದೊಡ್ಡ ಕಾರ್ಯಕ್ರಮವೊಂದು ಗೊತ್ತಾಗಿತ್ತು. ಮಹಾದೇವಿ ಅದರ ಮಾತೆತ್ತಿ, ಕುಣಿಯಬಹುದೇ ಅಂತ ಕೇಳುವ ಮೊದಲೇ ನರ್ಗೀಸ ಬೇಡವೆಂದು ತಲೆಯಾಡಿಸಿದಳು. "ನೋಡಾಕ ಹೋಗ್ರಿ. ಹೊರಾಕ ಬ್ಯಾಡ."

ಆಮೇಲಿನ ದಿನಗಳು ಮಹಾದೇವಿಗೆ ನಿದ್ದೆಯೊಳಗಿನ ನಿದ್ದೆಯ ಹಾಗೆ ಹೋದವು. ಹುಟ್ಟಿದಾಗಿನಿಂದ ಹಗಲಲ್ಲಿ ಮಲಗಿ ಗೊತ್ತಿಲ್ಲದ ಹೆಂಗಸು. ಈಗ ಪಡಸಾಲೆಯಲ್ಲಿ ಕಾಲು ಎತ್ತರಕ್ಕಿಟ್ಟು ಮಲಗಿದರೆ ಬೆಳಕಿಂಡಿಯ ಬಿಸಿಲು ಗೋಡೆಯಿಂದ ಗೋಡೆಗೆ ತಾನೇ ತಾನಾಗಿ ನಡೆದು ಹೋಗುತ್ತಿತ್ತು. ಹಟ್ಟಿಯ ಕುರಿಮರಿಯೊಂದು ಒಳಗೆ ಬಂದು ಅವಳ ಅಂಗಾಲು ಮೂಸಿ ಹೋಗುತ್ತಿತ್ತು. ಗುಳಿಗೆಯ ಮಂಪರಿನಲ್ಲಿ ಎಚ್ಚರವೋ ಕನಸೋ ತಿಳಿಯುತ್ತಿರಲಿಲ್ಲ. ಅರಿವೆಯ ಸುರುಳಿಯನ್ನು ಒತ್ತುತ್ತಾ ಒತ್ತುತ್ತಾ ಹಾಗೇ ಕಣ್ಣು ಮುಚ್ಚುತ್ತಿದ್ದಳು, ಕನಸಿನಲ್ಲೂ ಒತ್ತುತ್ತಿದ್ದಳು.

ಒಂದು ಕನಸು ಮತ್ತೆ ಮತ್ತೆ ಬಿತ್ತು. ಅವಳು ಬಯಲಲ್ಲಿ ಒಬ್ಬಳೇ ನಿಂತಿದ್ದಾಳೆ. ಹೆಗಲ ಮೇಲೆ ಹೆಂಗಸರು ಹತ್ತುತ್ತಿದ್ದಾರೆ. ರಾಮಥಾಳದ ತವರಿನ ಅಜ್ಜಿ ತೊಯ್ದ ಸೀರೆಯಲ್ಲೇ ಹತ್ತಿದಳು. ಯಾವಾಗಲೋ ಸತ್ತ ಚಿಕ್ಕವ್ವ ಹತ್ತಿದಳು. ಸಾಲೆಯ ಅಕ್ಕೋರು ಹತ್ತಿದರು. ಅವರ ಹಿಂದೆ ಕುರಿಗಳೂ ಒಂದರ ಮೇಲೊಂದು, ಮೋಡದೊಳಕ್ಕೆ. ಭಾರವೇ ಇಲ್ಲ. "ಮ್ಯಾಲ ಏನ್ ಕಾಣ್ತೈತಿ?" ಅಂತ ಇವಳು ಕೇಳುತ್ತಾಳೆ. "ಹೊಳಿ ಕಾಣ್ತೈತಿ," ಅನ್ನುತ್ತಾಳೆ ಅಜ್ಜಿ. "ಕೆಂಪ ಗುಡ್ಡ ಕಾಣ್ತೈತಿ," ಅನ್ನುತ್ತಾರೆ ಅಕ್ಕೋರು. ಬಹಳ ಮೇಲಿನಿಂದ, ಸಣ್ಣಗೆ, ವಿದ್ಯಾಳ ದನಿ: "ನೀ ಕಾಣೂದಿಲ್ಲ, ವೈನಿ." ತಲೆಯೆತ್ತಿ ನೋಡೋಣವೆಂದರೆ ಆಗುವುದಿಲ್ಲ. ಎಚ್ಚರವಾದಾಗ ದೂರದ ಬಯಲಿನಿಂದ ಡೊಳ್ಳಿನ ಸದ್ದು ನೆಲದೊಳಗೇ ಬಂದು ಅವಳ ಬೆನ್ನಿಗೆ ತಾಗುತ್ತಿತ್ತು.

ಹನಮವ್ವ ಸೊಸೆಯೊಡನೆ ಮುನಿಸಿಕೊಂಡಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಬಿಸಿ ರೊಟ್ಟಿ, ಹಿಂಡಿಪಲ್ಯ ತಂದು ಪಕ್ಕಕ್ಕಿಟ್ಟು ಹೋಗುತ್ತಿದ್ದಳು. ಮೊಣಕಾಲಿನ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಬೇರೆಯವರಿಗೆ ಸಿಟ್ಟು ಬಂದರೆ ಬೈದು ಮುಗಿಸುತ್ತಾರೆ. ಇಂಥವರ ಸುಮ್ಮನಿರುವಿಕೆ ಮಾತ್ರ ಪ್ರಾಣ ಹಿಂಡುತ್ತದೆ. ಮಹಾದೇವಿಯ ಜಾಗಕ್ಕೆ ರಂಗವ್ವ ನಿಂತಿದ್ದಾಳೆ ಅನ್ನುವುದು ಗೊತ್ತಾದದ್ದೂ ವಿದ್ಯಾಳಿಂದ.

ಊರುಗೋಲು ಬಿಟ್ಟು ನಡೆಯಬಹುದು ಅಂತ ನರ್ಗೀಸ ಹೇಳಿದ ಮೇಲೆ ಮಹಾದೇವಿ ಒಂದು ಸಂಜೆ ತಾಲೀಮು ನೋಡಲು ಹೋದಳು. ಬೇವಿನ ಗಿಡದ ಕಟ್ಟೆಗೆ ಕೂತಳು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ವರ್ಷಗಟ್ಟಲೆ ಆ ಗೋಪುರದ ಕೆಳಗೆ ನಿಂತವಳು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಕೆಳಗಿನವರು ತಲೆಯೆತ್ತುವ ಹಾಗಿಲ್ಲ, ಎತ್ತಿದರೆ ಹೆಗಲು ಜಾರುತ್ತದೆ. ಮುಂದಿನವಳ ಹೆರಳು, ಅದರಲ್ಲಿನ ಹೂವು, ಅಷ್ಟೇ ಅವಳು ಕಂಡ ಗೋಪುರ.

ಈಗ ಕಂಡಳು. ಧೂಳಿನಲ್ಲಿ, ಇಳಿಬಿಸಿಲಿನಲ್ಲಿ, ಹಳದಿ ಸೀರೆಗಳು ಒಂದರ ಮೇಲೊಂದು ಎದ್ದವು. ತುದಿಗೆ ವಿದ್ಯಾ. ಅಬ್ಬಾ, ಅದೆಷ್ಟು ಎತ್ತರ! ಗುಡಿಯ ಮಾಳಿಗೆಗಿಂತ ಮೇಲೆ, ಹಕ್ಕಿಗಳು ಗೂಡಿಗೆ ಹೋಗುವ ದಾರಿಯಲ್ಲಿ, ಒಂದು ಹಿಡಿಯಷ್ಟಾಗಿ ಕಾಣುವ ಹುಡುಗಿ. ಕೈ ಬಿಟ್ಟು ನಿಂತಿದೆ. ನಗುತ್ತಿದೆ. ಮಹಾದೇವಿಗೆ ಮೈ ಜುಮ್ಮೆಂದಿತು, ಕಣ್ಣು ತುಂಬಿ ಬಂತು. ಇಂಥದ್ದನ್ನು ತಾನು ಹೊತ್ತಿದ್ದೆನಲ್ಲ ಅಂತ ಹೆಮ್ಮೆಯಾಯಿತು. ಹೆಮ್ಮೆಯ ಬೆನ್ನಿಗೇ ಹೆದರಿಕೆ ಬಂತು. ಕಣ್ಣು ತಾನಾಗಿ ಕೆಳಗಿಳಿದು ರಂಗವ್ವನ ಕಾಲಿಗೆ ಹೋಯಿತು.

ರಂಗವ್ವನ ಮೊಣಕಾಲು ಒಳಮುಖವಾಗಿ ವಾಲುತ್ತಿತ್ತು. ಸಣ್ಣಗೆ ನಡುಗುತ್ತಿತ್ತು. ಮುಖ ನೋಡಿದರೆ ಏನೂ ಇಲ್ಲ, ಕಲ್ಲು. ಆ ಕಲ್ಲುಮುಖ ಮಹಾದೇವಿಗೆ ಚೆನ್ನಾಗಿ ಗೊತ್ತಿತ್ತು, ತಾನೇ ತಿಂಗಳುಗಟ್ಟಲೆ ಹಾಕಿಕೊಂಡಿದ್ದಳಲ್ಲ.

ಡೊಳ್ಳು ಬಿಚ್ಚಿದ ಮೇಲೆ ರಂಗವ್ವನನ್ನು ಕಟ್ಟೆಯ ಹಿಂದೆ ಕರೆದು ಕೇಳಿದಳು. "ಕಾಲ ನೋಯ್ತೈತೇನ, ರಂಗವ್ವಕ್ಕಾ?"

ರಂಗವ್ವ ಸುತ್ತ ನೋಡಿದಳು. "ಈಗ ಡೊಳ್ಳ ಕಟ್ಟಿಲ್ಲ, ಹೇಳ್ತೇನಿ. ಸಾಯೂವಂಗ ನೋಯ್ತೈತಿ. ಬಾದಾಮಿದೊಂದ ಆಗಲಿ ಅಂತ ತಡಕೊಂಡೇನಿ. ನೀ ಯಾರ ಮುಂದೂ ಅನಬ್ಯಾಡ ಮತ್ತ."

ಮಹಾದೇವಿ ಅಂದೇಬಿಟ್ಟಳು. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಎದುರು ಕೂತು, ರಂಗವ್ವನ ಕಾಲು ನಡುಗುತ್ತದೆ, ಗೋಪುರ ಈ ಸಲ ಬೇಡ, ಬಿದ್ದರೆ ವಿದ್ಯಾ ಉಳಿಯುವುದಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿದಳು. ಹನಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ರಂಗಿ ಹೇಳ್ಯಾಳೇನು ನನ್ನ ಮುಂದ?"

"ಹ್ಯಾಂಗ ಹೇಳ್ತಾಳ್ರಿ ಅತ್ತಿ? ನೀವ ಹೇಳಾಕ ಬಿಟ್ರ ತಾನ?"

"ಹೊತ್ತಾಕಿ ಹೇಳಿಲ್ಲ. ನೋಡ್ದಾಕಿ ಹೇಳಾಕತ್ತಾಳ." ಹನಮವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಬೀರಪ್ಪ ಅದಾನ. ನಡಿ."

ಬಾದಾಮಿಗೆ ಹೋದ ದಿನ ಕೆರೆಯ ನೀರು ಒಂದಿಷ್ಟೂ ಅಲುಗುತ್ತಿರಲಿಲ್ಲ. ಸಂಜೆಯ ಬಿಸಿಲು ಬಿದ್ದು ಗುಡ್ಡ ಕೆಂಪಾಗಿ, ಆ ಕೆಂಪೆಲ್ಲ ನೀರಿಗಿಳಿದು, ಮೇಲೆ ಯಾವುದು ಕೆಳಗೆ ಯಾವುದು ಅನ್ನುವುದೇ ತಿಳಿಯದಂತಾಗಿತ್ತು. ಜನ ಕಲ್ಲಿನ ಮೆಟ್ಟಿಲುಗಳ ಮೇಲೆ ಕೂತಿದ್ದರು. ಊರವರು, ಪ್ರವಾಸಕ್ಕೆ ಬಂದವರು, ಶೇಂಗಾ ಮಾರುವವರು. ಮಹಾದೇವಿ ಎಲ್ಲರಿಗಿಂತ ಕೆಳಗಿನ ಮೆಟ್ಟಿಲಿಗೆ, ನೀರಿನ ಹತ್ತಿರ ಕೂತಳು. ನಡುವಿಗೆ ಡೊಳ್ಳಿಲ್ಲದೆ ಮೇಳವನ್ನು ನೋಡುವುದು ಬೇರೆ ಯಾರದೋ ಬದುಕನ್ನು ನೋಡಿದಂತಿತ್ತು.

ಹನಮವ್ವ ಹಣೆಗೆಲ್ಲ ಭಂಡಾರ ಬಳಿದಳು. ಡೊಳ್ಳು ಗುಡುಗಿದವು. ಸದ್ದು ಗುಡ್ಡಕ್ಕೆ ಹೊಡೆದು, ತಿರುಗಿ ಬಂದು, ನೀರಿನ ಮೇಲೆ ಹರಡಿತು. ಮಹಾದೇವಿಗೆ ಮತ್ತೆ ಆ ಮಂಪರು ಕವಿಯಿತು. ಹಳದಿ ಸೀರೆಗಳ ವರ್ತುಲ ತಿರುಗುತ್ತಿತ್ತು, ನೀರಿನೊಳಗೂ ಒಂದು ವರ್ತುಲ ತಿರುಗುತ್ತಿತ್ತು. ಕಾಲ ಎಷ್ಟು ಹೋಯಿತೋ ಗೊತ್ತಿಲ್ಲ. ನೀರಿನಲ್ಲಿ ಗೋಪುರ ತಲೆಕೆಳಗಾಗಿ ಎದ್ದಿತು. ಅಲ್ಲಿ ವಿದ್ಯಾ ತಳದಲ್ಲಿದ್ದಳು, ರಂಗವ್ವ ಮೇಲಿದ್ದಳು. ರಂಗವ್ವನ ಕಾಲು ಅಲುಗಿತು.

ನೀರು ಅಲುಗಿದ್ದಲ್ಲ. ಕಾಲು ಅಲುಗಿದ್ದು.

ಮಹಾದೇವಿ ಧಡಕ್ಕನೆ ತಲೆಯೆತ್ತಿದಳು. ವಿದ್ಯಾ ಆಗಲೇ ತುದಿಗೆ ಹೋಗಿದ್ದಳು. ಕೆಳಗೆ ರಂಗವ್ವನ ಮೊಣಕಾಲು ಒಳಕ್ಕೆ ವಾಲಿ, ನೆಟ್ಟಗಾಗಿ, ಮತ್ತೆ ವಾಲುತ್ತಿತ್ತು. ಈ ಸಲ ಕೆಳಗೆ ಬಯಲಿನ ಮಣ್ಣಿಲ್ಲ, ಕಲ್ಲಿದೆ.

"ವಿದ್ಯಾ! ಇಳೀ!"

ಡೊಳ್ಳಿನ ಸದ್ದಿನಲ್ಲಿ ಆ ಕೂಗು ಕೂಗಿದವಳ ಕಿವಿಗೇ ಕೇಳಿಸಲಿಲ್ಲ. ಮಹಾದೇವಿ ಎದ್ದು ವರ್ತುಲದೊಳಗೆ ನುಗ್ಗಿದಳು. ಮೊದಲು ಕಾಲು ಎಳೆದದ್ದು ಗೋಪುರದ ಕಡೆಗೇ. ಹೋಗು, ಹೆಗಲು ಕೊಡು, ಹೊರು, ಬಾಯಿ ಮುಚ್ಚಿಕೊಂಡು ಹೊರು. ಮೈಗೆ ಗೊತ್ತಿದ್ದದ್ದು ಅದೊಂದೇ. ಎರಡು ಹೆಜ್ಜೆಗೆ ಮೊಣಕಾಲು ಒಳಗಿಂದ ಚುಚ್ಚಿತು. ನಿಂತಳು. ಈ ಕಾಲನ್ನು ಒಯ್ದು ಅಲ್ಲಿಟ್ಟರೆ ಬೀಳುವುದು ಒಂದರ ಬದಲು ಎರಡು ಮೊಣಕಾಲು, ಅಷ್ಟೇ. ಅವಳು ತಿರುಗಿ ಅತ್ತೆಯ ಎದುರಿಗೆ ಹೋಗಿ, ಡೊಳ್ಳಿಗೆ ಬೀಳಲಿದ್ದ ಅತ್ತೆಯ ಬಲಗೈಯನ್ನು ಕೋಲಿನ ಸಮೇತ ಹಿಡಿದು ಮೇಲಕ್ಕೆತ್ತಿದಳು.

ಸೊಸೆ ಅತ್ತೆಯ ಕೈ ಹಿಡಿಯುವುದೆಂದರೇನು! ಅದೂ ನೆರೆದ ಜನರೆದುರು, ಹಣೆಗೆ ಭಂಡಾರ ಇರುವಾಗ! ಹನಮವ್ವನ ಕಣ್ಣು ಕೆಂಡವಾಯಿತು. ಮೇಳ ನಡೆಸುವ ಆ ಡೊಳ್ಳು ನಿಂತದ್ದೇ ತಡ, ಉಳಿದವು ಒಂದೊಂದಾಗಿ ತಡವರಿಸಿ ನಿಂತವು. ಕೆರೆಯ ಆಚೆ ದಂಡೆಯಿಂದ ಕೊನೆಯ ಪೆಟ್ಟು ತಿರುಗಿ ಬಂದು ಅದೂ ಅಡಗಿತು.

"ವಿದ್ಯಾ, ಇಳಿ," ಅಂದಳು ಮಹಾದೇವಿ. "ಮೆಲ್ಲಕ. ಆ ಕಡೆಯಿಂದ ಇಳಿ, ರಂಗವ್ವಕ್ಕನ ಕಾಲ ಮ್ಯಾಲ ಕಾಲಿಡಬ್ಯಾಡ."

ವಿದ್ಯಾ ಕೆಳಗೆ ನೋಡಿದಳು. ವೈನಿಯ ಮುಖ ನೋಡಿದವಳೇ ಏನೂ ಕೇಳದೆ ಆ ಬದಿಯಿಂದ ಇಳಿದಳು. ಅವಳ ಕಾಲು ಕಲ್ಲಿಗೆ ತಾಗಿತು, ನಡುವಿನ ಇಬ್ಬರೂ ಜಿಗಿದರು, ರಂಗವ್ವ ಹಾಗೇ ಡೊಳ್ಳಿನ ಮೇಲೆ ಬೋರಲಾಗಿ ಕುಸಿದು ಅಳತೊಡಗಿದಳು. ಮೆಟ್ಟಿಲಿನ ಮೇಲಿನ ಜನ ಇದೂ ಆಟದ ಒಂದು ಭಾಗವೇ ಅಂದುಕೊಂಡು ಚಪ್ಪಾಳೆ ತಟ್ಟಿದರು.

ಮಹಾದೇವಿ ಇನ್ನೂ ಅತ್ತೆಯ ಕೈಯನ್ನು ಎತ್ತಿಯೇ ಹಿಡಿದಿದ್ದಳು. ಬಿಟ್ಟರೆ ಎಲ್ಲಿ ಮತ್ತೆ ಡೊಳ್ಳಿಗೆ ಬೀಳುತ್ತದೋ ಅನ್ನುವ ಭಯ. ಅತ್ತೆ ಈಗ ಏನನ್ನುತ್ತಾಳೋ, ಮನೆಗೆ ಸೇರಿಸುತ್ತಾಳೋ ಇಲ್ಲವೋ ಅನ್ನುವ ಭಯ ಇನ್ನೊಂದು.

"ಕೈ ಬಿಡು," ಅಂದಳು ಹನಮವ್ವ.

ಮಹಾದೇವಿ ಬಿಡಲಿಲ್ಲ.

"ಕೈ ಬಿಡು, ಮಾದೇವಿ." ಹನಮವ್ವನ ದನಿ ಒಡೆಯಿತು. "ನೋಯ್ತೈತಿ."

ಮೇಳದ ಹೆಂಗಸರೆಲ್ಲ ತಿರುಗಿ ನೋಡಿದರು. ಹನಮವ್ವನ ನಡುವಿನಲ್ಲಿ ಡೊಳ್ಳು ಕಟ್ಟಿಯೇ ಇತ್ತು. ರಂಗವ್ವ ಅಳು ನಿಲ್ಲಿಸಿ ಬಾಯಿ ತೆರೆದು ಕೂತಳು.

"ನಾ ಬಿಗಿಯಾಗಿ ಹಿಡದಿಲ್ರಿ, ಅತ್ತಿ," ಅಂದಳು ಮಹಾದೇವಿ ಗಾಬರಿಯಾಗಿ.

"ಕೈಯಲ್ಲ. ರಟ್ಟಿ. ಮ್ಯಾಲ ಎತ್ತಿದ್ರ ಜೀವ ಹೋಗ್ತೈತಿ."

"ಯಾವಾಗಿಂದ್ರಿ?"

ಹನಮವ್ವ ಕೆರೆಯ ಕಡೆ ನೋಡಿದಳು. "ನೀ ಲಗ್ನಾಗಿ ಬಂದಾಗ ಹೊಸ್ತಿಲದಾಗ ನಿನಗ ಎಡಗೈಲೆ ಆರತಿ ಎತ್ತಿದ್ನಲ್ಲ," ಅಂದಳು. "ಬಲಗೈ ಮ್ಯಾಲ ಬರಲಿಲ್ಲವಾ."

ಮಹಾದೇವಿ ಅತ್ತೆಯ ಮುಖವನ್ನೇ ನೋಡಿದಳು. ಆ ದಿನ ಹೊಸ್ತಿಲ ಹೊರಗೆ ನೆರೆದ ಹೆಂಗಸರು, ಸೊಸೆ ಮನಸ್ಸಿಗೆ ಬಂದಿಲ್ಲ, ಅದಕ್ಕೇ ಎಡಗೈ ಅಂತ ಗುಸುಗುಸು ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ಅಂದಿನಿಂದ ಇಂದಿನವರೆಗೆ ಅತ್ತೆಗೆ ನಾನು ಬೇಡಾದವಳು ಅಂತಲೇ ಆ ಮನೆಯ ನೀರು ಹೊತ್ತಿದ್ದಳು, ರೊಟ್ಟಿ ಬಡಿದಿದ್ದಳು, ಡೊಳ್ಳು ಕಟ್ಟಿದ್ದಳು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು, ಎರಡೂ ಒಟ್ಟಿಗೇ ಬಂದವು.

"ಒಂದ ಮಾತ ಹೇಳಬಾರದೇನ್ರಿ, ಅತ್ತಿ?" ಅಂದಳು.

ಮಹಾದೇವಿ ಆ ತೋಳನ್ನು ಎರಡೂ ಕೈಯಿಂದ ಆತುಕೊಂಡು, ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ, ಸ್ವಲ್ಪ ಸ್ವಲ್ಪವೇ ಕೆಳಗಿಳಿಸಿದಳು. ಆಮೇಲೆ ಅತ್ತೆಯ ಬೆನ್ನ ಹಿಂದೆ ಹೋಗಿ ಡೊಳ್ಳಿನ ಗಂಟಿಗೆ ಕೈ ಹಾಕಿದಳು. ಗಂಟು ಬಿಗಿಯಾಗಿತ್ತು, ಬಿಚ್ಚಲು ತಡವಾಯಿತು. ಹನಮವ್ವ ಅಲುಗದೆ ನಿಂತುಕೊಂಡಳು.